ಹೊಸ ಮನೆಗೆ ಬಂದ ಮೊಲದ ಮರಿ: ಮೊದಲ ಎರಡು ವಾರ ಏನು ಮಾಡಬೇಕು, ಏನು ಮಾಡಬಾರದು

ಅಪ್ರೈಸಲ್, ಹೋಮ್ ಲೋನ್, ಸ್ಕೂಲ್ ಅಡ್ಮಿಷನ್ ಎಲ್ಲ ಪಕ್ಕಕ್ಕಿಟ್ಟು ಇವತ್ತು ಮೊಲದ ಬಗ್ಗೆ ಮಾತಾಡೋಣ. ನಗಬೇಡಿ. ನಮ್ಮ ಥರ ಊರು ಬಿಟ್ಟು ಬಂದು ಫ್ಲ್ಯಾಟ್‌ನಲ್ಲಿ ಇರೋರ ಮನೆಗೆ ಮೊಲ ಬರೋದು ಹೇಗೆ ಅಂತ ನನಗೆ ಚೆನ್ನಾಗಿ ಗೊತ್ತು. ಮಗು ಒಂದೇ ಸಮನೆ ಹಟ ಮಾಡುತ್ತೆ. ನಾಯಿ ಅಂದ್ರೆ ದಿನಕ್ಕೆರಡು ಸಲ ಹೊರಗೆ ಕರ್ಕೊಂಡು ಹೋಗಬೇಕು, ಸ್ಟ್ಯಾಂಡಪ್ ಕಾಲ್ ಮಧ್ಯೆ ಆಗಲ್ಲ. ಬೆಕ್ಕು ಅಂದ್ರೆ ಮನೆ ಓನರ್ ಒಪ್ಪಲ್ಲ. ಮೊಲ ಆದ್ರೆ ಬೊಗಳಲ್ಲ, ಕಚ್ಚಲ್ಲ, ಮೂಲೆಯಲ್ಲಿ ಇರುತ್ತೆ, ಕ್ಯಾರೆಟ್ ಕೊಟ್ಟರೆ ಸಾಕು. ಹೀಗೆ ಲೆಕ್ಕ ಹಾಕಿ ತರ್ತೀವಿ.

ನಾವೂ ಹಾಗೇ ತಂದ್ವಿ, ಪುಣೆಯಲ್ಲಿ, ಮಗಳ ಐದನೇ ಹುಟ್ಟುಹಬ್ಬಕ್ಕೆ. ಅಂಗೈಯಲ್ಲಿ ಕೂರುವಷ್ಟು ಪುಟ್ಟ ಬಿಳಿ ಮರಿ. ಅಂಗಡಿಯವರು ಎರಡು ತಿಂಗಳದ್ದು ಅಂದ್ರು, ನಾವು ನಂಬಿದ್ವಿ. ಹುಟ್ಟುಹಬ್ಬಕ್ಕೆ ಬಂದ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಎತ್ತಿಕೊಂಡ್ರು, ಫೋಟೋ ತೆಗೆಸಿಕೊಂಡ್ರು. ಅದು ಒಂದು ಚೂರೂ ಒದ್ದಾಡಲಿಲ್ಲ. 'ಎಷ್ಟು ಸಾಧು ನೋಡಿ' ಅಂದ್ವಿ. ಮಾರನೇ ದಿನ ಮೈ ಕೊಳೆಯಾಗಿದೆ ಅಂತ ಬಿಸಿನೀರಲ್ಲಿ ಸ್ನಾನ ಮಾಡಿಸಿದ್ವಿ. ಕ್ಯಾರೆಟ್, ಎಲೆಕೋಸು, ಬಿಸ್ಕತ್ತು ಕೊಟ್ವಿ. ಮೂರನೇ ದಿನ ಸಂಜೆ ತಿನ್ನೋದು ನಿಲ್ಲಿಸಿತು. ನನಗೆ ರಿಲೀಸ್ ಇತ್ತು. ನಾಳೆ ಬೆಳಿಗ್ಗೆ ಡಾಕ್ಟರ್ ಹತ್ರ ಹೋಗೋಣ ಅಂದೆ. ನಾಲ್ಕನೇ ದಿನ ಬೆಳಿಗ್ಗೆ ಅದು ಇರಲಿಲ್ಲ.

ನಮ್ಮಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರೂ ಪ್ರೀತಿಯಿಂದಲೇ ಮಾಡಿದ್ವಿ. ಆದ್ರೆ ಮಾಡಿದ್ದು ಪ್ರತಿಯೊಂದೂ ತಪ್ಪು. ಆಮೇಲೆ ಕೂತು ಓದಿದೆ, ಮೊಲ ನೋಡೋ ಪಶುವೈದ್ಯರನ್ನ ಹುಡುಕಿ ಮಾತಾಡಿಸಿದೆ. ಒಂದು ವರ್ಷ ಬಿಟ್ಟು ಇನ್ನೊಂದು ಮೊಲ ಬಂತು. ಅದರ ಹೆಸರು ರಾಗಿ. ಈಗಲೂ ನಮ್ಮ ಜೊತೆ ಇದೆ. ಎರಡರ ನಡುವೆ ಏನು ವ್ಯತ್ಯಾಸ ಮಾಡಿದ್ವಿ ಅನ್ನೋದೇ ಇವತ್ತಿನ ಮಾತು.

ಮೊದಲು ಒಂದು ಸಂಗತಿ: ಮೊಲ ಬೇಟೆಯಾಗೋ ಪ್ರಾಣಿ

ನಾಯಿ, ಬೆಕ್ಕು ಬೇಟೆಯಾಡೋ ವಂಶದವು. ಮೊಲ ಬೇಟೆಗೆ ಸಿಗೋ ವಂಶದ್ದು. ಬೇರೆ ಎಲ್ಲ ಮರೆತರೂ ಇದೊಂದು ನೆನಪಿಟ್ಟುಕೊಳ್ಳಿ. ಮೇಲಿಂದ ಒಂದು ಕೈ ಬಂದು ಎತ್ತಿಕೊಂಡರೆ ನಿಮಗೆ ಅದು ಮುದ್ದು, ಅದಕ್ಕೆ ಅದು ಹದ್ದು. ಸಿಕ್ಕಿಬಿದ್ದ ಮೇಲೆ ಅದು ಅಲುಗಾಡದೆ ಕೂರೋದು ಹೆದರಿಕೆಯಿಂದ. ಬೆನ್ನ ಮೇಲೆ ಮಲಗಿಸಿದಾಗ ಹೆಣದ ಥರ ಬಿದ್ದಿರುತ್ತಲ್ಲ, 'ನಿದ್ದೆ ಹೋಯ್ತು' ಅಂತ ವಿಡಿಯೋ ಹಾಕ್ತಾರೆ, ಅದೂ ಭಯದ ಪ್ರತಿಕ್ರಿಯೆಯೇ. ಎದೆ ಡವಡವ ಅಂತಿರುತ್ತೆ, ಹೊರಗೆ ಗೊತ್ತಾಗಲ್ಲ.

ನೋವನ್ನೂ ಅದು ಹೀಗೇ ಮುಚ್ಚಿಡುತ್ತೆ. ಕಾಡಲ್ಲಿ ಕುಂಟೋ ಮೊಲವನ್ನೇ ನರಿ ಮೊದಲು ಹಿಡಿಯೋದು. ಹಾಗಾಗಿ 'ಸುಮ್ಮನಿದೆ, ಅಂದ್ರೆ ಚೆನ್ನಾಗಿದೆ' ಅನ್ನೋ ನಮ್ಮ ಲೆಕ್ಕ ಇಲ್ಲಿ ನಡೆಯಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಗಾದೆ ಇದೆಯಲ್ಲ, ನಾವು ಮೊಲ ಸಾಕೋದೂ ಹಾಗೇ. ಎದುರಿಗಿರೋ ಪ್ರಾಣಿಯನ್ನ ನೋಡದೆ ನಮ್ಮ ತಲೆಯಲ್ಲಿರೋದನ್ನೇ ಹಟ ಹಿಡೀತೀವಿ.

ಇನ್ನೊಂದು ವಿಷಯ. ಕನ್ನಡದಲ್ಲಿ ಎರಡು ಬೇರೆ ಪ್ರಾಣಿಗಳಿಗೆ ಮೊಲ ಅಂತಲೇ ಅಂತೀವಿ. ನಮ್ಮ ಊರ ಕಡೆ ಹೊಲದಲ್ಲಿ ಓಡೋದು ಕಾಡುಮೊಲ. ಅದು ಬಿಲ ತೋಡಲ್ಲ, ಹುಲ್ಲಿನ ಮರೆಯಲ್ಲಿ ಮಲಗುತ್ತೆ. ಅದನ್ನ ಹಿಡಿದು ಸಾಕೋದು ಕಾನೂನಿಗೆ ವಿರುದ್ಧ. ಮನೆಯಲ್ಲಿ ಸಾಕೋ ಮೊಲದ ಮೂಲ ಸ್ಪೇನ್ ಕಡೆಯದು, ನೆಲದೊಳಗೆ ಬಿಲ ತೋಡಿ ಗುಂಪಾಗಿ ಇರೋದು. ತಲೆ ಮೇಲೆ ಸೂರು ಇದ್ದರೆ, ಓಡಿಹೋಗೋಕೆ ದಾರಿ ಇದ್ದರೆ ಮಾತ್ರ ಅದಕ್ಕೆ ಸಮಾಧಾನ.

ತರುವ ಮೊದಲು

ವಯಸ್ಸು ಕೇಳಿ. ಕಡಿಮೆ ಅಂದ್ರೂ 8 ವಾರ ಆಗಿರಬೇಕು. ಇದರ ಹಿಂದೆ ಕಾರಣ ಇದೆ. ಬೆಳೆದ ಮೊಲದ ಹೊಟ್ಟೆಯಲ್ಲಿ ಆಮ್ಲ ತುಂಬಾ ಜಾಸ್ತಿ, ಒಳಗೆ ಹೋದ ಬ್ಯಾಕ್ಟೀರಿಯಾ ಅಲ್ಲೇ ಸಾಯುತ್ತೆ. ಮರಿಯ ಹೊಟ್ಟೆಯಲ್ಲಿ ಅಷ್ಟು ಆಮ್ಲ ಇರಲ್ಲ. ಅಲ್ಲಿ ತಾಯಿಯ ಹಾಲೇ ಕಾವಲು. 4 ವಾರಕ್ಕೇ ತಾಯಿಯಿಂದ ಬಿಡಿಸಿದರೆ ಆ ಕಾವಲೂ ಹೋಯ್ತು, ಆಮ್ಲವೂ ಇನ್ನೂ ಬಂದಿಲ್ಲ. ಜೊತೆಗೆ ಪ್ರಯಾಣದ ಭಯ, ಹೊಸ ಊಟ. ಭೇದಿ ಶುರುವಾದರೆ ಒಂದೆರಡು ದಿನದಲ್ಲೇ ಮುಗಿದುಹೋಗಬಹುದು. ನಮ್ಮ ಮೊದಲನೇ ಮರಿಗೆ ಬಹುಶಃ 8 ವಾರ ಆಗಿರಲೇ ಇಲ್ಲ. ಅಂಗೈಯಲ್ಲಿ ಆರಾಮಾಗಿ ಕೂರುವಷ್ಟು ಚಿಕ್ಕದಿದ್ದರೆ ಅನುಮಾನಪಡಿ. ಮುದ್ದಾಗಿದೆ ಅನ್ನೋದೇ ಅಲ್ಲಿ ಅಪಾಯದ ಗುರುತು.

ಮೊಲ ಮನೆಗೆ ಬರೋ ಮುಂಚೆಯೇ ಮೊಲ ನೋಡೋ ಡಾಕ್ಟರ್ ನಂಬರ್ ನಿಮ್ಮ ಫೋನಲ್ಲಿ ಇರಬೇಕು. ಎಲ್ಲ ಪಶುವೈದ್ಯರಿಗೂ ಮೊಲದ ಅನುಭವ ಇರಲ್ಲ. 'ಎಕ್ಸಾಟಿಕ್ ಪೆಟ್ಸ್ ನೋಡ್ತೀರಾ? ರಾತ್ರಿ ತುರ್ತು ಬಂದರೆ ಯಾರಿದ್ದಾರೆ?' ಈ ಎರಡು ಪ್ರಶ್ನೆ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ನಾಯಿಗೆ ಮಾಮೂಲಾಗಿ ಕೊಡೋ ಕೆಲವು ಔಷಧ ಮೊಲಕ್ಕೆ ವಿಷ. ಬಾಯಿ ಮೂಲಕ ಕೊಡೋ ಅಮಾಕ್ಸಿಸಿಲಿನ್ ಥರದ ಆಂಟಿಬಯಾಟಿಕ್ ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಕೊಂದು ಮೊಲವನ್ನೇ ಕೊಲ್ಲಬಹುದು. ಉಣ್ಣೆಗೆ ನಾಯಿಗೆ ಹೊಡೆಯೋ ಫಿಪ್ರೊನಿಲ್ ಸ್ಪ್ರೇ ಕೂಡ ಬೇಡವೇ ಬೇಡ.

ಜಾಗ ಹೀಗಿರಲಿ. ಹಕ್ಕಿ ಪಂಜರದ ಥರ ಚಿಕ್ಕ ಕೇಜ್ ಬೇಡ. ಮಡಚೋ ಜಾಲರಿ ತಂದು ಹಾಲ್‌ನ ಒಂದು ಮೂಲೆ ಸುತ್ತ ನಿಲ್ಲಿಸಿ. ಟಿವಿಯಿಂದ, ಅಡುಗೆಮನೆ ಬಾಗಿಲಿಂದ ದೂರ, ಸಂಜೆ ಬಿಸಿಲು ಹೊಡೆಯದ ಕಡೆ ಇರಲಿ. ನುಣುಪಾದ ಟೈಲ್ಸ್ ಮೇಲೆ ಮೊಲದ ಕಾಲು ಜಾರುತ್ತೆ, ಹಳೇ ಚಾಪೆಯೋ ಜಮಖಾನವೋ ಹಾಸಿ. ಒಳಗೆ ಒಂದು ರಟ್ಟಿನ ಡಬ್ಬ ಕವುಚಿ, ಎರಡು ಕಡೆ ಬಾಗಿಲು ಕತ್ತರಿಸಿ. ಎರಡು ಬಾಗಿಲು ಯಾಕಂದ್ರೆ ಒಂದೇ ಬಾಗಿಲಿನ ಬಿಲ ಅಂದ್ರೆ ಬೋನು. ಆನ್‌ಲೈನ್ ಆರ್ಡರ್ ಬಂದ ಯಾವ ಡಬ್ಬವಾದರೂ ಆಗುತ್ತೆ, ಟೇಪು, ಪಿನ್ನು ಕಿತ್ತು ಹಾಕಿ ಅಷ್ಟೇ.

ಚಾರ್ಜರ್ ವೈರು, ರೌಟರ್ ಕೇಬಲ್ ಎಲ್ಲ ಮೇಲಕ್ಕೆತ್ತಿ. ಮೊಲಕ್ಕೆ ವೈರು ಅಂದ್ರೆ ಬಿಲದಲ್ಲಿ ಅಡ್ಡ ಬಂದ ಬೇರು, ಕಡಿದು ಹಾಕುತ್ತೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿರೋ ಮನಿ ಪ್ಲಾಂಟ್, ಲೋಳೆಸರ ಅದಕ್ಕೆ ಸಿಗೋ ಹಾಗೆ ಇಡಬೇಡಿ.

ಬಂದ ದಿನ

ಬೆಳಿಗ್ಗೆ ತಂಪು ಹೊತ್ತಲ್ಲಿ ಕರ್ಕೊಂಡು ಬನ್ನಿ. ಗಟ್ಟಿ ಡಬ್ಬಿ, ಗಾಳಿಗೆ ತೂತು, ತಳದಲ್ಲಿ ಟವೆಲ್, ಒಂದು ಹಿಡಿ ಒಣಹುಲ್ಲು. ಸಾಧ್ಯವಾದ್ರೆ ಅದು ಮೊದಲಿದ್ದ ಕಡೆಯಿಂದ ಒಂದಷ್ಟು ಹುಲ್ಲು, ಮಲಗಿದ್ದ ಬಟ್ಟೆ ಕೇಳಿ ತನ್ನಿ. ಆ ವಾಸನೆ ಜೊತೆಗಿದ್ದರೆ ಸ್ವಲ್ಪ ಧೈರ್ಯ. ನಾವು ಮೊದಲ ಸಲ ಊರು ಬಿಟ್ಟು ಬಂದಾಗ ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಡಬ್ಬಿಯನ್ನ ವಾರಗಟ್ಟಲೆ ಉಳಿಸಿಕೊಂಡಿದ್ವಲ್ಲ, ಹಾಗೆ.

ಮನೆಗೆ ಬಂದ ಮೇಲೆ ಡಬ್ಬಿಯನ್ನ ಜಾಲರಿಯೊಳಗೆ ಇಟ್ಟು, ಬಾಗಿಲು ತೆಗೆದು, ದೂರ ಹೋಗಿ. ಎತ್ತಿ ಹೊರಗೆ ಇಡಬೇಡಿ. ಅದಾಗಿಯೇ ಬರಲಿ. 10 ನಿಮಿಷವೋ ಎರಡು ಗಂಟೆಯೋ, ಕಾಯಿರಿ. ಅವತ್ತು ನೆಂಟರು ಬೇಡ, ಪಕ್ಕದ ಮನೆ ಮಕ್ಕಳು ಬೇಡ, ಫ್ಲ್ಯಾಶ್ ಹಾಕಿ ಫೋಟೋ ಬೇಡ. ಸ್ನಾನವಂತೂ ಯಾವತ್ತೂ ಬೇಡ. ಮೊಲ ಬೆಕ್ಕಿನ ಥರ ತನ್ನ ಮೈ ತಾನೇ ನೆಕ್ಕಿ ಚೊಕ್ಕ ಇಟ್ಟುಕೊಳ್ಳುತ್ತೆ. ಒದ್ದೆಯಾದ ಮೊಲದ ಮೈ ಬೇಗ ತಣ್ಣಗಾಗುತ್ತೆ, ಗಾಬರಿಗೇ ಜೀವ ಹೋಗೋದೂ ಉಂಟು.

ಮೊದಲ ಮೂರು ದಿನ: ಮುಟ್ಟಬೇಡಿ, ಜೊತೆಗಿರಿ

ಮಗಳಿಗೆ ಇದನ್ನ ಒಪ್ಪಿಸೋದೇ ದೊಡ್ಡ ಕೆಲಸ ಆಯ್ತು. 'ನೀನು ಹೊಸ ಸ್ಕೂಲಿಗೆ ಸೇರಿದ ದಿನ ಯಾರೋ ಗೊತ್ತಿಲ್ಲದ ಆಂಟಿ ಬಂದು ನಿನ್ನ ಎತ್ತಿಕೊಂಡು ಓಡಾಡಿದ್ರೆ?' ಅಂತ ಕೇಳಿದೆ. ಅರ್ಥ ಆಯ್ತು. ದೊಡ್ಡವರಿಗೆ ಅರ್ಥ ಮಾಡಿಸೋದು ಅದಕ್ಕಿಂತ ಕಷ್ಟ.

ಮಾಡಬೇಕಾದ್ದು ಇಷ್ಟೇ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಜಾಲರಿ ಪಕ್ಕ ನೆಲದ ಮೇಲೆ ಕೂತುಕೊಳ್ಳಿ. ಪುಸ್ತಕ ಓದಿ, ಲ್ಯಾಪ್‌ಟಾಪಲ್ಲಿ ಮೇಲ್ ನೋಡಿ, ಮೆತ್ತಗೆ ಮಾತಾಡಿ. ಅದನ್ನೇ ನೆಟ್ಟ ದೃಷ್ಟಿಯಿಂದ ನೋಡಬೇಡಿ. ಮೊಲ ಚುರುಕಾಗೋದು ಮುಂಜಾನೆ ಮತ್ತು ಮುಸ್ಸಂಜೆ. ಹಗಲು ಮಲಗಿರುತ್ತೆ, ಕಣ್ಣು ತೆರೆದೇ ನಿದ್ದೆ ಮಾಡೋದೂ ಉಂಟು. ನಮ್ಮ ಲಾಗಿನ್ ಹೊತ್ತಿಗೆ ಇದು ಸರಿಹೊಂದುತ್ತೆ.

ಮೊಲಕ್ಕೆ ಹಿಂದೆಯೂ ಕಾಣುತ್ತೆ, ಮೇಲೂ ಕಾಣುತ್ತೆ. ಕಾಣದೇ ಇರೋದು ಮೂಗಿನ ನೇರ ಮುಂದೆ, ಗದ್ದದ ಕೆಳಗೆ. ನಾಯಿಗೆ ಹಿಡಿದ ಹಾಗೆ ಮೂಗಿನ ಮುಂದೆ ಥಟ್ಟನೆ ಕೈ ಒಡ್ಡಿದರೆ ಅದಕ್ಕೆ ಎಲ್ಲಿಂದಲೋ ಏನೋ ಬಂದ ಹಾಗೆ. ಕೈಯನ್ನ ನೆಲದ ಮೇಲೆ ಪಕ್ಕದಲ್ಲಿ ಸುಮ್ಮನೆ ಇಟ್ಟಿರಿ, ಅದೇ ಬಂದು ಮೂಸಲಿ.

ಕಿವಿ ಬಲು ಸೂಕ್ಷ್ಮ. ಕುಕ್ಕರ್ ಸೀಟಿ, ಮಿಕ್ಸಿ, ಡ್ರಿಲ್ಲಿಂಗ್ ಸದ್ದು ಎಲ್ಲವನ್ನೂ ನಿಲ್ಲಿಸೋಕೆ ಆಗಲ್ಲ, ಆದ್ರೆ ಅಡುಗೆಮನೆ ಬಾಗಿಲು ಹಾಕಬಹುದು. ದೀಪಾವಳಿಗೆ, ಗಣೇಶನ ಮೆರವಣಿಗೆ ಹೊತ್ತಿಗೆ ಹೊಸ ಮರಿ ತರೋದು ಬೇಡ. ಹಿಂಗಾಲಿಂದ ನೆಲ ಧಡ್ ಅಂತ ಬಡಿದರೆ 'ಅಪಾಯ' ಅಂತ ಅರ್ಥ. ಆಗ ಬೈಯಬೇಡಿ, ಯಾವ ಸದ್ದಿಗೆ ಹೆದರಿತು ಅಂತ ನೋಡಿ.

ಊಟ: ಹೊಸ ಮನೆ, ಹಳೇ ಊಟ

ಪ್ರೊಡಕ್ಷನ್‌ನಲ್ಲಿ ಒಂದೇ ಸಲ ಎರಡು ಬದಲಾವಣೆ ಮಾಡಬೇಡ ಅಂತಾರಲ್ಲ, ಇಲ್ಲೂ ಅದೇ. ಜಾಗ ಬದಲಾಗಿದೆ, ಊಟ ಬದಲಾಗಬಾರದು. ಮೊದಲು ಯಾವ ಪೆಲೆಟ್ ತಿಂತಿತ್ತೋ ಅದನ್ನೇ ಕೇಳಿ ತನ್ನಿ. ಬದಲಿಸಲೇಬೇಕು ಅಂದ್ರೆ ಒಂದು ವಾರ ಬಿಟ್ಟು, ಹಳೇದಕ್ಕೆ ಹೊಸದು ಸ್ವಲ್ಪ ಸ್ವಲ್ಪ ಬೆರೆಸ್ತಾ 7ರಿಂದ 10 ದಿನ ತಗೊಂಡು ಬದಲಿಸಿ.

ಮುಖ್ಯ ಊಟ ಒಣಹುಲ್ಲು. ತಿನ್ನೋದರಲ್ಲಿ 80 ಭಾಗಕ್ಕಿಂತ ಹೆಚ್ಚು ಅದೇ ಇರಬೇಕು, ಹಗಲು ರಾತ್ರಿ ಮುಂದೆ ಇರಬೇಕು. ಇದು ಊರ ಬಣವೆಯ ಭತ್ತದ ಹುಲ್ಲಲ್ಲ. ಕಾಳು ಬಡಿದ ಮೇಲೆ ಉಳಿಯೋ ಆ ಹುಲ್ಲಲ್ಲಿ ಸತ್ವ ಕಡಿಮೆ. ಹಸಿರಿದ್ದಾಗಲೇ ಕೊಯ್ದು ಒಣಗಿಸಿದ ಹುಲ್ಲು ಬೇಕು. ಟಿಮೊಥಿ, ಓಟ್ಸ್ ಹುಲ್ಲು ಆನ್‌ಲೈನಲ್ಲಿ ಸಿಗುತ್ತೆ. ಬೆಳೆಯೋ ಮರಿಗೆ ಅಲ್ಫಾಲ್ಫಾ, ಅಂದ್ರೆ ನಮ್ಮ ಕುದುರೆ ಮಸಾಲೆ ಸೊಪ್ಪು, ಒಣಗಿಸಿದ್ದನ್ನ ಕೊಡಬಹುದು. ಮಹಾರಾಷ್ಟ್ರದಲ್ಲಿ ಇರೋರು ಲಸೂಣ ಘಾಸ್ ಅಂತ ಕೇಳಿ. ಬೆಳೆದ ಮೇಲೆ ಅದರಲ್ಲಿರೋ ಕ್ಯಾಲ್ಸಿಯಂ ಜಾಸ್ತಿಯಾಗುತ್ತೆ, ಆಗ ನಿಧಾನಕ್ಕೆ ಮಾಮೂಲಿ ಹುಲ್ಲಿಗೆ ಬದಲಿಸಿ. ಮುಂದೆ ಗರಿಕೆಯೂ ಆಗುತ್ತೆ, ಆದ್ರೆ ಸೊಸೈಟಿ ಲಾನ್‌ದು ಬೇಡ, ಔಷಧಿ ಹೊಡೆದಿರ್ತಾರೆ.

ಹುಲ್ಲೇ ಯಾಕೆ? ಒಂದು, ಹಲ್ಲು. ಮೊಲದ ಹಲ್ಲು ಜೀವನಪೂರ್ತಿ ಬೆಳೀತಾನೇ ಇರುತ್ತೆ, ಹುಲ್ಲು ಅರೆದು ಅರೆದೇ ಸವೆಯಬೇಕು. ಎರಡು, ಕರುಳು. ಅದರ ಕರುಳು ನಿಲ್ಲದೆ ಚಲಿಸ್ತಾ ಇರಬೇಕು, ಅದನ್ನ ತಳ್ಳೋದು ನಾರು.

ಕ್ಯಾರೆಟ್ ಮೊಲದ ಊಟ ಅನ್ನೋದು ಕಾರ್ಟೂನ್ ಕಥೆ. ಅದರಲ್ಲಿ ಸಕ್ಕರೆ ಜಾಸ್ತಿ, ದೊಡ್ಡ ಮೊಲಕ್ಕೂ ಅಪರೂಪಕ್ಕೆ ಒಂದು ಚೂರು ಸಾಕು. ಮರಿಗೆ 3 ತಿಂಗಳು ಆಗೋ ತನಕ ಸೊಪ್ಪಿನ ಆತುರ ಬೇಡ. ಆಮೇಲೆ ಕೊತ್ತಂಬರಿ, ಪುದೀನ ಒಂದೊಂದಾಗಿ, ಒಂದೆರಡು ಎಲೆಯಿಂದ ಶುರು ಮಾಡಿ ಹಿಕ್ಕೆ ಸರಿಯಿದೆಯಾ ನೋಡಿ. ಬಿಸ್ಕತ್ತು, ಚಪಾತಿ, ಅವಲಕ್ಕಿ, ಅನ್ನ ಬೇಡ. ಈರುಳ್ಳಿ, ಬೆಳ್ಳುಳ್ಳಿ, ಚಾಕ್ಲೇಟ್ ವಿಷ. ನೀರನ್ನ ಭಾರದ ಬಟ್ಟಲಲ್ಲಿ ಇಡಿ, ದಿನಕ್ಕೆರಡು ಸಲ ಬದಲಿಸಿ.

ಹಿಕ್ಕೆಯೇ ನಿಮ್ಮ ಲಾಗ್ ಫೈಲ್

ಮೊಲ ಬಾಯಿಬಿಟ್ಟು ಹೇಳಲ್ಲ ಅಂದೆನಲ್ಲ, ಹಾಗಾದ್ರೆ ಗೊತ್ತಾಗೋದು ಹೇಗೆ? ಟ್ರೇ ನೋಡಿ. ಚೆನ್ನಾಗಿರೋ ಮೊಲ ದಿನಕ್ಕೆ ನೂರಕ್ಕೂ ಹೆಚ್ಚು ಹಿಕ್ಕೆ ಹಾಕುತ್ತೆ. ದುಂಡಗೆ, ಒಣಗಿ, ಒಡೆದರೆ ಒಳಗೆ ಹುಲ್ಲಿನ ನಾರು ಕಾಣಬೇಕು. ಬೆಳಿಗ್ಗೆ, ಸಂಜೆ ಟ್ರೇ ತೆಗೆಯುವಾಗ ಒಂದು ನಿಮಿಷ ನೋಡಿ. ಚಿಕ್ಕದಾಗ್ತಾ ಬಂದ್ರೆ, ಕಡಿಮೆಯಾದ್ರೆ, ಎಚ್ಚರ. ದ್ರಾಕ್ಷಿ ಗೊಂಚಲಿನ ಥರ ಮೆತ್ತಗಿರೋ ಇನ್ನೊಂದು ಬಗೆಯ ಹಿಕ್ಕೆಯನ್ನ ಅದು ನೇರವಾಗಿ ಹಿಂಭಾಗದಿಂದಲೇ ತಿನ್ನುತ್ತೆ. ಹೇಸಬೇಡಿ, ತಡೀಬೇಡಿ. ಮೊದಲ ಸಲ ಜೀರ್ಣವಾಗದ ಸತ್ವವನ್ನ ಎರಡನೇ ಸಲ ಪಡೆಯೋ ವ್ಯವಸ್ಥೆ ಅದು.

ಈಗ ಹೇಳೋದನ್ನ ಫ್ರಿಜ್ ಮೇಲೆ ಬರೆದು ಅಂಟಿಸಿ. 12 ಗಂಟೆ ಏನೂ ತಿಂದಿಲ್ಲ, ಅಥವಾ ಹಿಕ್ಕೆ ಹಾಕಿಲ್ಲ ಅಂದ್ರೆ ಅದು ತುರ್ತು. ಚಿಕ್ಕ ಮರಿಯಾದ್ರೆ ಅಷ್ಟೂ ಕಾಯಬೇಡಿ. ಭೇದಿಯಾದ್ರೂ ಅಷ್ಟೇ. ಭಯಕ್ಕೋ ನೋವಿಗೋ ಊಟ ನಿಂತರೆ ಕರುಳು ನಿಧಾನವಾಗುತ್ತೆ, ಗ್ಯಾಸ್ ತುಂಬುತ್ತೆ, ನೋವು ಜಾಸ್ತಿಯಾಗುತ್ತೆ, ನೋವಿಗೆ ಊಟ ಇನ್ನೂ ಬೇಡವಾಗುತ್ತೆ. ಈ ಲೂಪ್ ತಾನಾಗಿ ಮುರಿಯಲ್ಲ. ಮೊಲಕ್ಕೆ ವಾಂತಿ ಮಾಡೋಕೂ ಬರಲ್ಲ. ಬೆನ್ನು ಗೂನು ಮಾಡಿ ಕೂರೋದು, ಹಲ್ಲು ಜೋರಾಗಿ ಕಟಕಟ ಕಡಿಯೋದು, ಕಿವಿ ತಣ್ಣಗಾಗೋದು ನೋವಿನ ಗುರುತು. ಜೀರಿಗೆ ನೀರು, ಓಮದ ನೀರು ಅಂತ ಮನೆಮದ್ದು ಮಾಡ್ತಾ ಕೂರಬೇಡಿ, ಬಾಯಿಗೆ ಬಲವಂತವಾಗಿ ತುರುಕಬೇಡಿ, ಡಾಕ್ಟರಿಗೆ ಫೋನ್ ಮಾಡಿ. ನಾನು ಹೇಳಿದ 'ನಾಳೆ ಬೆಳಿಗ್ಗೆ' ನೀವು ಹೇಳಬೇಡಿ.

ನಾಲ್ಕನೇ ದಿನದಿಂದ ಎರಡನೇ ವಾರ

ತಿಂತಿದೆ, ಹಿಕ್ಕೆ ಸರಿಯಿದೆ, ನೀವು ಕೂತಾಗ ಓಡಿಹೋಗಲ್ಲ ಅಂದ್ರೆ ಜಾಲರಿ ಬಾಗಿಲು ತೆಗೀರಿ. ಮೊದಲು ಒಂದು ರೂಮು ಮಾತ್ರ, ಆಮೇಲೆ ನಿಧಾನಕ್ಕೆ ಮನೆ. ನಿಮ್ಮ ಸುತ್ತ ಒಂದು ಸುತ್ತು ಬರುತ್ತೆ, ಬಟ್ಟೆ ಎಳೆಯುತ್ತೆ, ಗದ್ದ ತಂದು ಉಜ್ಜುತ್ತೆ. ಗದ್ದದ ಕೆಳಗೆ ವಾಸನೆಯ ಗ್ರಂಥಿ ಇದೆ, 'ಇದು ನನ್ನದು' ಅಂತ ಗುರುತು ಹಾಕೋದು ಹಾಗೆ. ಬಂದಾಗ ಹಣೆ ಮೇಲೆ, ಕಿವಿಗಳ ನಡುವೆ ಒಂದು ಬೆರಳಲ್ಲಿ ಸವರಿ. ಹಲ್ಲು ಮೆತ್ತಗೆ ಮಸೆದರೆ ಖುಷಿಯಾಗಿದೆ ಅಂತ. ಗಾಳಿಯಲ್ಲಿ ಹಾರಿ ಮೈ ತಿರುಚಿದರೆ, ಪಕ್ಕಕ್ಕೆ ದೊಪ್ಪನೆ ಬಿದ್ದು ಕಾಲು ಚಾಚಿದರೆ, ಮನೆ ತನ್ನದು ಅಂತ ಒಪ್ಪಿಕೊಂಡಿದೆ.

ಎತ್ತೋದು ಬೇಕಾದಾಗ ಮಾತ್ರ. ಕಿವಿ ಹಿಡಿದು ಯಾವತ್ತೂ ಎತ್ತಬಾರದು. ಒಂದು ಕೈ ಎದೆ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಕೊಟ್ಟು ನಿಮ್ಮ ಎದೆಗೆ ಒತ್ತಿ ಹಿಡಿಯಿರಿ. ಮೊಲದ ಮೂಳೆ ತೂಕ ತುಂಬಾ ಕಡಿಮೆ, ಹಿಂಗಾಲಿನ ಬಲ ತುಂಬಾ ಜಾಸ್ತಿ. ಗಾಬರಿಯಲ್ಲಿ ಗಾಳಿಗೆ ಒದ್ದರೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಹುದು. ನಮ್ಮ ಮನೆ ನಿಯಮ: ಮಕ್ಕಳು ನೆಲದ ಮೇಲೆ ಕೂತೇ ಆಡಬೇಕು, ಎತ್ತೋದು ದೊಡ್ಡವರು ಮಾತ್ರ.

ಟ್ರೇ ಅಭ್ಯಾಸ ಸುಲಭ. ಅದು ಯಾವ ಮೂಲೆ ಆರಿಸಿಕೊಳ್ಳುತ್ತೋ ಅಲ್ಲೇ ಟ್ರೇ ಇಡಿ. ತಳಕ್ಕೆ ಹಳೇ ಪೇಪರ್, ಮೇಲೆ ಹುಲ್ಲು. ಮೊಲ ತಿನ್ನುತ್ತಲೇ ಹಿಕ್ಕೆ ಹಾಕುತ್ತೆ, ಹಾಗಾಗಿ ಊಟ ಮತ್ತು ಟ್ರೇ ಒಂದೇ ಕಡೆ. ಗಂಟುಕಟ್ಟೋ ಬೆಕ್ಕಿನ ಮಣ್ಣು ಬೇಡ, ತಿಂದರೆ ಕರುಳಲ್ಲಿ ಗಟ್ಟಿಯಾಗುತ್ತೆ.

ಸೆಖೆ, ಊರು, ಮತ್ತು ಹತ್ತು ವರ್ಷ

ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿ ಇರೋರು ಗಮನಿಸಿ. ಮೊಲ ಬೆವರಲ್ಲ, ಕಿವಿಯಿಂದಲೇ ಶಾಖ ಹೊರಗೆ ಹಾಕಬೇಕು. 28 ಡಿಗ್ರಿ ದಾಟಿದರೆ ಕಷ್ಟ ಶುರು. ಬಾಲ್ಕನಿಯಲ್ಲಿ ಸಾಕೋದು ಬೇಡವೇ ಬೇಡ. ಎಸಿ ಇಲ್ಲದಿದ್ದರೆ ನೀರಿನ ಬಾಟಲಿ ಫ್ರೀಜ್ ಮಾಡಿ ಬಟ್ಟೆ ಸುತ್ತಿ ಪಕ್ಕದಲ್ಲಿಡಿ, ಒಂದು ಖಾಲಿ ಟೈಲ್ಸ್ ತುಂಡು ಕೊಡಿ. ಬಾಯಿ ತೆರೆದು ಏದುಸಿರು ಬಿಟ್ಟರೆ ಕಿವಿಗೆ ತಣ್ಣೀರು ಸವರಿ, ಮೈಯನ್ನ ಐಸ್ ನೀರಲ್ಲಿ ಅದ್ದಬೇಡಿ, ತಕ್ಷಣ ಡಾಕ್ಟರ್ ಹತ್ರ ಹೊರಡಿ.

ತಂದ ಮೊದಲ ತಿಂಗಳು ಊರಿಗೆ ಹೋಗೋ ಪ್ಲಾನ್ ಇಟ್ಟುಕೊಳ್ಳಬೇಡಿ. ರಾತ್ರಿ ಬಸ್ಸಲ್ಲಿ ಮರಿಯನ್ನ ಡಬ್ಬಿಯಲ್ಲಿಟ್ಟು ಹುಬ್ಬಳ್ಳಿಗೋ ಬೆಂಗಳೂರಿಗೋ ಹೊರಡೋದು ಅಂದ್ರೆ ಈಗಷ್ಟೇ ಕಟ್ಟಿಕೊಂಡ ಧೈರ್ಯ ಎಲ್ಲ ಹೋಯ್ತು. ನೀವು ಇಲ್ಲದಾಗ ಮನೆಗೇ ಬಂದು ನೋಡಿಕೊಳ್ಳೋ ಒಬ್ಬರನ್ನ ಮೊದಲೇ ಹುಡುಕಿಕೊಳ್ಳಿ, 12 ಗಂಟೆಯ ನಿಯಮ ಅವರಿಗೂ ಹೇಳಿ.

4ರಿಂದ 6 ತಿಂಗಳ ಹೊತ್ತಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಬಗ್ಗೆ ಡಾಕ್ಟರ್ ಹತ್ರ ಮಾತಾಡಿ. ಹೆಣ್ಣು ಮೊಲಗಳಲ್ಲಿ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಸಾಮಾನ್ಯ. ಇನ್ನೊಂದು ಮಾತು: ಚೆನ್ನಾಗಿ ನೋಡಿಕೊಂಡ ಮೊಲ 8ರಿಂದ 12 ವರ್ಷ ಬದುಕುತ್ತೆ. ಐದು ವರ್ಷದ ಮಗುವಿಗೆ ಅಂತ ತಂದದ್ದು ಅದರ ಪಿಯುಸಿ ತನಕ ಇರುತ್ತೆ. ಆನ್‌ಸೈಟ್ ಅವಕಾಶ ಬಂದ್ರೆ, ಪ್ರಾಜೆಕ್ಟ್ ಬೇರೆ ಊರಿಗೆ ಹಾಕಿದ್ರೆ ಏನು ಮಾಡ್ತೀವಿ ಅಂತ ತರೋ ಮುಂಚೆ ಗಂಡ ಹೆಂಡತಿ ಕೂತು ಮಾತಾಡಿ. ರಾಗಿ ನಮ್ಮ ಮನೆಗೆ ಬಂದಿದ್ದೇ ಹಾಗೆ. ಅಮೆರಿಕಕ್ಕೆ ಹೊರಟಿದ್ದ ಒಂದು ಕುಟುಂಬ ಮೂರು ತಿಂಗಳ ಮರಿಯನ್ನ ಬಿಟ್ಟು ಹೋಗಬೇಕಾಯ್ತು. ಬೇಡ ಅನ್ನಿಸಿದ್ರೆ ತರಬೇಡಿ. ಅದೂ ಒಳ್ಳೆ ನಿರ್ಧಾರವೇ.

ರಾಗಿ ಬಂದ ಮೊದಲ ವಾರ ಮಗಳು ಅದನ್ನ ಒಂದು ಸಲವೂ ಮುಟ್ಟಲಿಲ್ಲ. ದಿನಾ ಸಂಜೆ ಜಾಲರಿ ಪಕ್ಕ ಕೂತು ಡ್ರಾಯಿಂಗ್ ಮಾಡ್ತಿದ್ದಳು. ಒಂಬತ್ತನೇ ದಿನ ರಾಗಿ ಡಬ್ಬದಿಂದ ಹೊರಗೆ ಬಂದು, ಎರಡು ಸಲ ಹಿಂದೆ ಓಡಿ, ಮೂರನೇ ಸಲ ಬಂದು ಅವಳ ಪಾದಕ್ಕೆ ಗದ್ದ ಉಜ್ಜಿತು. ಅವಳು ಉಸಿರು ಬಿಗಿಹಿಡಿದು ನನ್ನ ಕಡೆ ನೋಡಿದಳು. 'ಅಪ್ಪಾ, ಈಗ ಮುಟ್ಟಬಹುದಾ?' ಅಂತ ಪಿಸುಗುಟ್ಟಿದಳು. ಇನ್ನೊಂದು ನಿಮಿಷ ಬಿಡು ಅಂದೆ.

ಮನೆಯಲ್ಲಿ ಈಗ ಮರಿ ಇದ್ದರೆ ಇವತ್ತು ಎರಡು ಕೆಲಸ ಮಾಡಿ: ಡಾಕ್ಟರ್ ನಂಬರ್ ಸೇವ್ ಮಾಡಿ, ಟ್ರೇ ಒಂದು ಸಲ ನೋಡಿ. ಮುಂದಿನ ಮಾತಲ್ಲಿ ಸಿಗೋಣ.